‘ಹೇಗನಿಸಿತು?’ ಎಂದು ಕೇಳಬೇಡಿ: ಪ್ರೇಕ್ಷಕರನ್ನು ಓದಲು ಹೊರಟವರಿಗೆ

ಎಂ.ಎ. ಪತ್ರಿಕೋದ್ಯಮದ ಎರಡನೆಯ ವರ್ಷದ ಕಿರುಪ್ರಬಂಧಕ್ಕೆಂದು ನಾನು ಮಾಡಿದ ಮೊದಲ ಕೆಲಸ ಒಂದು ಗೂಗಲ್ ಫಾರ್ಮ್ ತಯಾರಿಸಿದ್ದು. ಇಪ್ಪತ್ತೆರಡು ಪ್ರಶ್ನೆಗಳು, ಒಂದೊಂದಕ್ಕೂ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಗುಂಡಿಗಳು. ಸಿಕ್ಕ ವಾಟ್ಸ್ಆ್ಯಪ್ ಗುಂಪಿಗೆಲ್ಲ ಕಳಿಸಿದೆ. ನಾಲ್ಕೇ ದಿನದಲ್ಲಿ ಇನ್ನೂರಕ್ಕೂ ಹೆಚ್ಚು ಉತ್ತರಗಳು ಬಂದವು. ಹಿಗ್ಗಿನಿಂದ ತೆರೆದು ನೋಡಿದರೆ, ‘ಸುದ್ದಿ ವಾಹಿನಿಗಳು ಜನರ ದಾರಿ ತಪ್ಪಿಸುತ್ತವೆ’ ಎಂಬುದನ್ನು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದರು. ‘ನನ್ನ ದಾರಿಯನ್ನೂ ತಪ್ಪಿಸಿವೆ’ ಎಂಬುದನ್ನು ಅದೇ ಜನ ಒಪ್ಪಿರಲಿಲ್ಲ. ನಮ್ಮ ಸೋದರಮಾವನಂತೂ ನನಗೆ ಒಳ್ಳೆಯದಾಗಲಿ ಎಂದು ಮೂರು ಸಲ ತುಂಬಿದ್ದ, ಮೂರು ಸಲವೂ ಬೇರೆ ಬೇರೆ ಉತ್ತರ.

ಮಾರ್ಗದರ್ಶಕರು ಅದನ್ನು ನೋಡಿ ನಕ್ಕರು. ‘ಬೇರೆಯವರು ಮರುಳಾಗುತ್ತಾರೆ, ನಾನಲ್ಲ’ ಎಂದು ಜನ ಭಾವಿಸುವುದರ ಬಗ್ಗೆ ಡೇವಿಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1983ರಲ್ಲೇ ಬರೆದಿದ್ದಾರೆ, ‘ಮೂರನೆಯ ವ್ಯಕ್ತಿಯ ಪರಿಣಾಮ’ ಎಂದು ಅದಕ್ಕೆ ಹೆಸರೂ ಇದೆ, ನೀನು ಅದನ್ನು ಮತ್ತೊಮ್ಮೆ ಕಂಡುಹಿಡಿದಿದ್ದೀಯ ಅಷ್ಟೆ ಎಂದರು. ಫಾರ್ಮ್ ಮೂಲೆ ಸೇರಿತು. ಆಮೇಲೆ ಆರು ವಾರ, ಹನ್ನೊಂದು ಜನರ ಜೊತೆ ಕುಳಿತು ಮಾಡಿದ ಕೆಲಸದಿಂದ ಪ್ರಬಂಧ ಹುಟ್ಟಿತು. ಈಗ ಕಿರಿಯರು ಬಂದು ‘ಅಕ್ಕಾ, ಪ್ರೇಕ್ಷಕರ ಅಧ್ಯಯನ ಹೇಗೆ ಮಾಡುವುದು?’ ಎಂದು ಕೇಳುತ್ತಾರೆ. ಪ್ರತಿ ಸಲ ಹೇಳುವ ಬದಲು ಒಮ್ಮೆ ಬರೆದೇ ಬಿಡುತ್ತೇನೆ.

ಮೊದಲು ‘ಪ್ರಭಾವ’ ಎಂಬ ಪದವನ್ನು ಹೊಡೆದುಹಾಕಿ

ನನ್ನ ಮೊದಲ ಶೀರ್ಷಿಕೆ ಹೀಗಿತ್ತು: ‘ಗ್ರಾಮೀಣ ಮಹಿಳೆಯರ ಮೇಲೆ ಟಿವಿ ಧಾರಾವಾಹಿಗಳ ಪ್ರಭಾವ: ವಿಜಯಪುರ ಜಿಲ್ಲೆಯ ಒಂದು ಅಧ್ಯಯನ’. ಗ್ರಂಥಾಲಯದ ಯಾವ ಕಪಾಟಿಗೆ ಕೈಹಾಕಿದರೂ ಇದರ ಅಣ್ಣತಮ್ಮಂದಿರು ಸಿಗುತ್ತಾರೆ. ‘ಮೇಲೆ’ ಮತ್ತು ‘ಪ್ರಭಾವ’ ಎಂಬ ಎರಡು ಪದಗಳನ್ನು ಬರೆದ ಕೂಡಲೇ ಅರ್ಧ ತೀರ್ಪು ಬಂದುಬಿಡುತ್ತದೆ. ಟಿವಿ ಮೇಲಿನಿಂದ ಸುರಿಯುತ್ತದೆ, ಹೆಂಗಸು ಕೆಳಗೆ ಕೊಡ ಹಿಡಿದು ನಿಂತಿದ್ದಾಳೆ, ಎಷ್ಟು ತುಂಬಿತು ಎಂದು ಅಳೆಯುವುದಷ್ಟೇ ನಮ್ಮ ಪಾಲಿನ ಕೆಲಸ.

ನಮ್ಮ ಆಯಿ ಟಿವಿ ನೋಡುವುದನ್ನು ಒಂದು ಸಂಜೆ ಕಂಡವರು ಹೀಗೆ ಬರೆಯುವುದಿಲ್ಲ. ಅವಳು ನಿರೂಪಕನಿಗೆ ಎದುರು ಮಾತನಾಡುತ್ತಾಳೆ. ಧಾರಾವಾಹಿಯ ಅತ್ತೆ ಸೊಸೆಗೆ ವಿಷ ಬೆರೆಸಿದಾಗ, ‘ಇಷ್ಟು ಚಿನ್ನ ಹಾಕಿಕೊಂಡು ಅಡುಗೆಮನೆಗೆ ಯಾರು ಹೋಗುತ್ತಾರೆ?’ ಎನ್ನುತ್ತಾಳೆ. ವಿಷದ ಚಿಂತೆಯೇ ಇಲ್ಲ. ಹಾಗೆಂದು ಅವಳ ಮೇಲೆ ಟಿವಿ ಏನೂ ಮಾಡಿಲ್ಲ ಎಂದೂ ಅಲ್ಲ. ಮೊಮ್ಮಗಳ ಮದುವೆಗೆ ‘ಟಿವಿಯಲ್ಲಿ ತೋರಿಸುವಂಥ’ ಹಳದಿ ಶಾಸ್ತ್ರ ಬೇಕೆಂದು ಹಟ ಹಿಡಿದವಳೂ ಅವಳೇ. ಎರಡೂ ಒಬ್ಬಳೇ ಮುದುಕಿಯಲ್ಲಿ ಇವೆ ಎಂಬುದನ್ನು ಹಿಡಿಯುವಂಥ ಪ್ರಶ್ನೆ ಬೇಕು.

ಆದ್ದರಿಂದ ಪ್ರಶ್ನೆಯನ್ನು ಸಣ್ಣದು ಮಾಡಿ. ನನ್ನದು ಕೊನೆಗೆ ಇಷ್ಟಾಯಿತು: ಉಳ್ಳಾಗಡ್ಡಿಯ ದರ ಏರಿದ ಬಗೆಗಿನ ನಾಲ್ಕು ನಿಮಿಷದ ಒಂದು ಟಿವಿ ವರದಿಯನ್ನು ಈ ಹನ್ನೊಂದು ಜನ ಹೇಗೆ ತಿರುಗಿ ಹೇಳುತ್ತಾರೆ? ಗೆಳತಿಯರು ನಕ್ಕರು, ‘ಇಷ್ಟಕ್ಕೆ ಎಂಬತ್ತು ಪುಟವೇ?’ ಎಂದರು. ನೂರಾ ಹತ್ತು ಆದವು.

ಸಿದ್ಧಾಂತ: ಚೀಲ ತುಂಬ ಬೇಡ, ಕಿಸೆಯಲ್ಲಿ ಹಿಡಿಯುವಷ್ಟು ಸಾಕು

ಮೂರು ನಾಲ್ಕು ವಿಷಯ ಸರಿಯಾಗಿ ತಿಳಿದಿರಲಿ. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಪಾಠ ಮಾಡಿದ ಸ್ಟುವರ್ಟ್ ಹಾಲ್ 1973ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಒಂದು ಲೇಖನ ಬರೆದರು. ಕಾರ್ಯಕ್ರಮ ಮಾಡುವವರು ಅದರೊಳಗೆ ಒಂದು ಅರ್ಥವನ್ನು ಕಟ್ಟಿ ಕಳಿಸುತ್ತಾರೆ, ಆದರೆ ನೋಡುವವರು ಅದನ್ನು ಹಾಗೆಯೇ ಬಿಚ್ಚಿಕೊಳ್ಳಬೇಕೆಂದಿಲ್ಲ ಎಂಬುದು ಅದರ ತಿರುಳು. ಕಳಿಸಿದವರ ಅರ್ಥವನ್ನೇ ಒಪ್ಪಿಕೊಳ್ಳುವುದು ಒಂದು ಬಗೆ. ಒಟ್ಟಾರೆ ಒಪ್ಪಿ, ತನ್ನ ಮಟ್ಟಿಗೆ ಹಾಗಲ್ಲ ಎನ್ನುವುದು ಎರಡನೆಯದು. ಇದನ್ನು ನಾನು ‘ಚೌಕಾಸಿ ಓದು’ ಎನ್ನುತ್ತೇನೆ, ಸಂತೆಯಲ್ಲಿ ಮಾಡುವುದೂ ಅದನ್ನೇ. ಮೂರನೆಯದು ಎದುರು ನಿಂತು ಓದುವುದು.

ಹಾಲ್ ಹೇಳಿದ್ದನ್ನು ಜನರ ನಡುವೆ ಒಯ್ದು ಪರೀಕ್ಷಿಸಿದವರು ಡೇವಿಡ್ ಮೋರ್ಲಿ. ಬಿಬಿಸಿಯ ಸಂಜೆಯ ಕಾರ್ಯಕ್ರಮವೊಂದರ ಕಂತುಗಳನ್ನು 29 ಗುಂಪುಗಳಿಗೆ ತೋರಿಸಿ, ಅವರ ಮಾತುಗಳನ್ನು ಕೇಳಿ, 1980ರಲ್ಲಿ ಪ್ರಕಟಿಸಿದರು. ವರ್ಗಕ್ಕೆ ತಕ್ಕಂತೆ ಓದು ಇರುತ್ತದೆ ಎಂಬ ಲೆಕ್ಕ ಅಲ್ಲಿ ನೇರವಾಗಿ ಕೂಡಿ ಬರಲಿಲ್ಲ. ಬ್ಯಾಂಕ್ ವ್ಯವಸ್ಥಾಪಕರೂ ಕೆಲಸ ಕಲಿಯುತ್ತಿದ್ದ ಕಾರ್ಮಿಕ ಹುಡುಗರೂ ಹೆಚ್ಚುಕಡಿಮೆ ಒಂದೇ ಬದಿಗೆ ಬಂದರು. ಕಾರ್ಮಿಕ ಸಂಘದ ಮುಂದಾಳುಗಳು ಇನ್ನೊಂದು ಬದಿಗೆ. ಕಪ್ಪು ವರ್ಣದ ವಿದ್ಯಾರ್ಥಿಗಳ ಗುಂಪೊಂದಕ್ಕೆ ಆ ಕಾರ್ಯಕ್ರಮ ತಮಗೆ ಸಂಬಂಧಿಸಿದ್ದೇ ಅಲ್ಲ ಎನಿಸಿ ಬಹುಪಾಲು ಸುಮ್ಮನೆ ಕುಳಿತರು. ಈ ‘ಸುಮ್ಮನೆ’ಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು, ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರದು. 1940ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಅವರು ಅಧ್ಯಯನ ನಡೆಸಿದರು. ರೇಡಿಯೊ, ಪತ್ರಿಕೆಗಳ ಮಾತು ಹಲವರಿಗೆ ನೇರವಾಗಿ ಅಲ್ಲ, ತಮ್ಮ ನಡುವಿನ ಯಾರೋ ಒಬ್ಬ ತಿಳಿದವರ ಬಾಯಿಂದ ತಲುಪುತ್ತದೆ ಎಂಬ ವಿಚಾರ ಹೊರಟದ್ದು ಅಲ್ಲಿಂದ. ಇದಕ್ಕೆ ನಮಗೆ ಒಹಾಯೊದ ತನಕ ಹೋಗಬೇಕಿಲ್ಲ. ಹಾಲಿನ ಡೇರಿಯ ಮುಂದಿನ ಕಟ್ಟೆಯ ಮೇಲೆ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಕಾಕಾ ಒಬ್ಬರು ಪ್ರತಿ ಊರಿನಲ್ಲೂ ಇದ್ದಾರೆ. ಈಗ ಪತ್ರಿಕೆಯ ಜಾಗದಲ್ಲಿ ಮೊಬೈಲ್ ಇದೆ, ಕಾಕಾ ಬದಲಾಗಿಲ್ಲ.

ನಮ್ಮ ಜಿಲ್ಲೆಯ ಹಳೆಯ ಪುಟ

ನಮ್ಮಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಹಾರಿಸಿಬಿಡುವ ಭಾಗ ಇದು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ಆ ಪ್ರಯೋಗದ ಹೆಸರು ಸೈಟ್. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳಲ್ಲಿ ಕಲಬುರಗಿ, ರಾಯಚೂರುಗಳ ಜೊತೆ ನಮ್ಮ ವಿಜಯಪುರವೂ ಇತ್ತು; ಬಾಗಲಕೋಟೆ ಆಗ ಇದರೊಳಗೇ ಇತ್ತು, ಬೇರೆಯಾದದ್ದು 1997ರಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ತಟ್ಟೆಯೇ ಆ್ಯಂಟೆನಾ.

ನಮ್ಮ ಊರ ಕಡೆಯ ಮುತ್ಯಾ ಒಬ್ಬರು ಆಗ ಹುಡುಗ. ‘ಏನು ನೋಡಿದಿರಿ?’ ಎಂದು ಕೇಳಿದೆ. ನೆನಪಿಲ್ಲ ಎಂದರು. ‘ಎಲ್ಲಿ ಕುಳಿತು ನೋಡಿದಿರಿ?’ ಎಂದು ಕೇಳಿದೆ. ಮುಕ್ಕಾಲು ಗಂಟೆ ಹೇಳಿದರು. ಶಾಲೆಯ ಅಂಗಳದಲ್ಲಿ ಮುಂದೆ ಯಾರು, ಹಿಂದೆ ಯಾರು, ಗೋಡೆಯ ಆಚೆ ನಿಂತು ನೋಡಿದವರು ಯಾರು, ಹೆಂಗಸರು ಎಷ್ಟನೆಯ ದಿನದಿಂದ ಬರತೊಡಗಿದರು, ಯಾರ ಮನೆಯವರು ತಮ್ಮ ಕಂಬಳಿಯನ್ನು ತಾವೇ ತಂದು ಹಾಸಿಕೊಂಡರು. ಊರಿನ ಜಾತಿಯ ನಕ್ಷೆಯೇ ಟಿವಿಯ ಮುಂದೆ ಹಾಸಿಕೊಂಡಿತ್ತು. ಗೊಬ್ಬರ ಎಷ್ಟು ಹಾಕಬೇಕೆಂದು ಪರದೆಯ ಮೇಲೆ ಹೇಳಿದ್ದು ಹಾರಿಹೋಗಿದೆ, ಕುಳಿತ ಜಾಗ ಐವತ್ತು ವರ್ಷ ಉಳಿದಿದೆ. ‘ಏನು’ ಎಂಬುದಕ್ಕಿಂತ ಮೊದಲು ‘ಎಲ್ಲಿ, ಯಾರ ಪಕ್ಕ’ ಎಂದು ಕೇಳುವುದನ್ನು ನಾನು ಕಲಿತದ್ದು ಆ ಮುತ್ಯಾನಿಂದ.

ಜನರನ್ನು ಹುಡುಕುವುದು

1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ, ಮಂಗಳ ಗ್ರಹದವರು ದಾಳಿಯಿಟ್ಟರೆಂಬ ರೇಡಿಯೊ ನಾಟಕ ಪ್ರಸಾರವಾಗಿ ದೇಶವೇ ದಿಕ್ಕೆಟ್ಟು ಓಡಿತು ಎಂಬ ಕತೆಯನ್ನು ನಮ್ಮ ಪಠ್ಯಗಳು ಈಗಲೂ ಹೇಳುತ್ತವೆ. ಅಷ್ಟು ದೊಡ್ಡ ಗಾಬರಿ ಆಗಿರಲಿಲ್ಲ, ಪತ್ರಿಕೆಗಳು ಅದನ್ನು ಊದಿ ಬರೆದವು ಎಂದು ಆಮೇಲಿನ ಸಂಶೋಧಕರು ತೋರಿಸಿದ್ದಾರೆ. ಅದರ ಬಗ್ಗೆ 1940ರಲ್ಲಿ ಪುಸ್ತಕ ಬರೆದ ಕ್ಯಾಂಟ್ರಿಲ್ ಮಾತನಾಡಿಸಿದವರಲ್ಲಿ ಬಹುಪಾಲು ಜನ ಹೆದರಿದವರೆಂದು ಗೊತ್ತಿದ್ದೇ ಆರಿಸಿಕೊಂಡವರು. ಹೆದರಿದವರನ್ನೇ ಹುಡುಕಿ ಹೋದರೆ ಹೆದರಿಕೆಯೇ ಸಿಗುತ್ತದೆ. ನೀವು ಧಾರಾವಾಹಿಯ ಹುಚ್ಚಿರುವವರನ್ನೇ ಹುಡುಕಿಕೊಂಡು ಹೋಗಿ ‘ಧಾರಾವಾಹಿಯ ಹುಚ್ಚು ಬಹಳ’ ಎಂದು ಬರೆಯಬೇಡಿ.

ನಾನು ಮೂರು ಜಾಗಗಳನ್ನು ಆರಿಸಿದೆ. ನಗರದಲ್ಲಿ ಒಂದು ಜೋಳದ ರೊಟ್ಟಿ ಖಾನಾವಳಿ, ಅಲ್ಲಿ ಗೋಡೆಗೆ ಟಿವಿ ಇದೆ. ತಿಕೋಟಾ ಕಡೆ ಒಣದ್ರಾಕ್ಷಿ ಆರಿಸುವ ಒಂದು ಶೆಡ್, ಅಲ್ಲಿ ಟಿವಿ ಇಲ್ಲ, ಒಬ್ಬಳ ಮೊಬೈಲಿನಲ್ಲಿ ನಿನ್ನೆಯ ಧಾರಾವಾಹಿ ಹಚ್ಚಿಟ್ಟು ಎಲ್ಲರೂ ಕೇಳುತ್ತಾರೆ. ಮತ್ತೆ ನಾನಿದ್ದ ಓಣಿಯ ಎರಡು ಮನೆಗಳು. ಪರಿಚಯದವರ ಮೂಲಕವೇ ಹೋಗಿ, ಆದರೆ ಹೆಡ್‌ಮಾಸ್ತರರ ಮೂಲಕ, ಪಂಚಾಯಿತಿ ಸದಸ್ಯರ ಮೂಲಕ ಹೋಗಬೇಡಿ. ಅವರು ಕರೆದು ಕೂರಿಸಿದ ಜನ ಅವರಿಗೆ ಬೇಕಾದ್ದನ್ನೇ ಹೇಳುತ್ತಾರೆ. ಹಾಳೆ, ಪೆನ್ನು, ಕೊರಳಲ್ಲಿ ಗುರುತಿನ ಚೀಟಿ ಕಂಡರೆ ಇನ್ನೊಂದು ಪೇಚು. ಶೆಡ್ಡಿನಲ್ಲಿ ಮೊದಲ ದಿನ ಅರ್ಧ ಗಂಟೆ ಹೋದದ್ದು ಗೃಹಲಕ್ಷ್ಮಿಯ ಎರಡು ಸಾವಿರ ಯಾಕೆ ಜಮೆಯಾಗಿಲ್ಲ ಎಂಬ ಪ್ರಶ್ನೆಗೆ ನಾನು ಸರಕಾರದವಳಲ್ಲ ಎಂದು ಉತ್ತರಿಸುವುದರಲ್ಲಿ. ಎರಡನೆಯ ದಿನ ಬರಿಗೈಯಲ್ಲಿ ಹೋಗಿ, ಅವರ ಸಾಲಿನಲ್ಲೇ ಕುಳಿತು, ಕಡ್ಡಿ ತೆಗೆದು ದ್ರಾಕ್ಷಿ ಆರಿಸಿದೆ. ಬೆರಳು ಅಂಟಂಟು, ಬರೆಯಲು ಆಗಲಿಲ್ಲ. ಅದೇ ಒಳ್ಳೆಯದಾಯಿತು.

ನೋಡುವವರನ್ನು ನೋಡುವುದು

ಟಿವಿಗೆ ಮುಖ ಮಾಡಿ ಕೂರಬೇಡಿ. ಟಿವಿಯ ಪಕ್ಕಕ್ಕೆ, ನೋಡುವವರ ಮುಖ ಕಾಣುವಂತೆ ಕುಳಿತುಕೊಳ್ಳಿ. ಪರದೆಯ ಮೇಲೆ ಏನು ಬಂತೆಂಬುದನ್ನು ಆಮೇಲೆ ನೋಡಿಕೊಳ್ಳಬಹುದು, ಮುಖ ಮತ್ತೆ ಸಿಗುವುದಿಲ್ಲ. ನೋಟ್‌ಬುಕ್‌ನ ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಂಬಗಳನ್ನು ಮಾಡಿ: ಗಡಿಯಾರದ ಸಮಯ, ಪರದೆ, ಕೋಣೆ. ಕೋಣೆಯ ಕಂಬ ದೊಡ್ಡದಿರಲಿ. ಯಾರು ಎದ್ದರು, ಯಾರು ಫೋನ್ ತೆಗೆದರು, ಯಾವ ಮಾತಿಗೆ ಯಾರು ಯಾರ ಮುಖ ನೋಡಿದರು. ರಿಮೋಟ್ ಯಾರ ಕೈಯಲ್ಲಿದೆ ಎಂದು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬರೆಯಿರಿ. ಮೋರ್ಲಿ ದಕ್ಷಿಣ ಲಂಡನ್ನಿನ 18 ಕುಟುಂಬಗಳನ್ನು ಅಭ್ಯಾಸ ಮಾಡಿ 1986ರಲ್ಲಿ ಬರೆದಾಗ ರಿಮೋಟ್ ಹೆಚ್ಚಾಗಿ ಗಂಡಸಿನ ಕೈಯಲ್ಲಿತ್ತು. ನಾನು ಕಂಡ ಒಂದು ಮನೆಯಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ ರಿಮೋಟ್ ಏಳು ವರ್ಷದ ಮೊಮ್ಮಗನ ಬಳಿ. ಅವನಿಂದ ಅದನ್ನು ಪಡೆಯಲು ಅಜ್ಜ ಹತ್ತು ರೂಪಾಯಿಯ ಕುರ್ಕುರೆ ಕೊಡಿಸಬೇಕು. ‘ಮನೆಯ ಯಜಮಾನ’ ಎಂಬ ಶಬ್ದ ಪ್ರಬಂಧದಲ್ಲಿ ಬಳಸುವ ಮುಂಚೆ ಇಂಥವನ್ನು ನೋಡಿರಬೇಕು.

ಕಣ್ಣಿಗೆ ಅಭ್ಯಾಸ ಬೇಕಿದ್ದರೆ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ, ಸಾಲಾಗಿ ಹಾಕಿದ ನಾಟಕ ಕಂಪನಿಗಳ ಥೇಟರಿನಲ್ಲಿ ಒಂದು ರಾತ್ರಿ ಕುಳಿತುಕೊಳ್ಳಿ. ಅಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆ ಅಡಗಿ ಕೂರುವುದಿಲ್ಲ. ಸಿಳ್ಳೆ ಬೀಳುತ್ತದೆ, ‘ಒನ್ಸ್ ಮೋರ್’ ಎಂದರೆ ಹಾಡು ಮತ್ತೆ ಶುರುವಾಗುತ್ತದೆ. ಹಾಸ್ಯಗಾರನ ಎರಡರ್ಥದ ಮಾತಿಗೆ ಮುಂದಿನ ಸಾಲು ಮೊದಲು ನಗುತ್ತದೆ. ಸಂಸಾರ ಸಮೇತ ಬಂದವರು ಒಂದು ಕ್ಷಣ ತಡೆದು, ಅಕ್ಕಪಕ್ಕ ನೋಡಿ, ಆಮೇಲೆ ನಗುತ್ತಾರೆ. ಆ ಒಂದು ಕ್ಷಣದ ತಡವನ್ನು ಹಿಡಿಯಲು ಬಂದರೆ ನೀವು ಯಾವ ಕೋಣೆಯಲ್ಲಾದರೂ ಕೂರಬಹುದು.

ಆರು ವಾರದಲ್ಲಿ ನನಗೆ ಅತ್ಯಂತ ದೊಡ್ಡ ಲಾಭವಾದದ್ದು ವಿದ್ಯುತ್ ಹೋದಾಗ. ಓಣಿಯ ಮನೆಯಲ್ಲಿ ಮೂವರು ಹೆಂಗಸರು, ಒಬ್ಬ ಕಾಲೇಜು ಹುಡುಗಿ, ನಾನು. ಧಾರಾವಾಹಿಯಲ್ಲಿ ಸೊಸೆ ಪೆಟ್ಟಿಗೆ ಹಿಡಿದು ಹೊಸಲಿನ ಬಳಿ ನಿಂತಿದ್ದಾಳೆ, ಅಷ್ಟರಲ್ಲಿ ಕತ್ತಲೆ. ಯಾರೂ ಏಳಲಿಲ್ಲ. ಕತ್ತಲೆಯಲ್ಲೇ ಕಂತು ಮುಂದುವರಿಯಿತು. ಹಿರಿಯ ಅಕ್ಕ, ‘ಹೋಗುವುದಿಲ್ಲ, ಮಾವ ಬಂದು ತಡೆಯುತ್ತಾನೆ’ ಎಂದರು. ‘ಮಾವನಿಗೆ ಅಷ್ಟು ಧೈರ್ಯ ಇದ್ದಿದ್ದರೆ ಇಷ್ಟು ಕಂತು ಬರುತ್ತಿತ್ತೇ?’ ಎಂದು ಇನ್ನೊಬ್ಬರು. ಮೂರನೆಯವರು, ‘ಹೋಗಲಿ ಬಿಡಿ, ತವರಿಗೆ ಹೋಗಿ ಎರಡು ದಿನ ನಿದ್ದೆಯಾದರೂ ಮಾಡುತ್ತಾಳೆ’ ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಆ ಕಾಲೇಜು ಹುಡುಗಿ, ‘ಅವಳು ಬಿ.ಇ. ಓದಿದವಳು, ಕೆಲಸಕ್ಕೆ ಅರ್ಜಿ ಹಾಕಬಹುದಲ್ಲ’ ಎಂದಳು. ಯಾರೂ ಉತ್ತರ ಕೊಡಲಿಲ್ಲ, ಒಬ್ಬರು ಮೇಣದಬತ್ತಿ ಹುಡುಕಲು ಎದ್ದರು. ಈ ನಾಲ್ಕು ಮಾತು ಮತ್ತು ಎರಡು ಮೌನಗಳ ಮೇಲೆ ನನ್ನ ಮೂರನೆಯ ಅಧ್ಯಾಯ ನಿಂತಿದೆ. ನಾನು ‘ಈ ದೃಶ್ಯ ನಿಮಗೆ ಹೇಗನಿಸಿತು?’ ಎಂದು ಕೇಳಿದ್ದರೆ ನಾಲ್ವರೂ ‘ಚೆನ್ನಾಗಿತ್ತು’ ಎನ್ನುತ್ತಿದ್ದರು.

ರೇಡಿಯೊ ಧಾರಾವಾಹಿ ಕೇಳುತ್ತಿದ್ದ ಗೃಹಿಣಿಯರನ್ನು ಹರ್ಟಾ ಹರ್ಜೋಗ್ ಎಂಬ ಸಂಶೋಧಕಿ 1940ರ ದಶಕದಲ್ಲೇ ಮಾತನಾಡಿಸಿದ್ದರು. ಅಳು ಹಗುರಾಗುವುದಕ್ಕೆ, ಆಸೆ ತೀರಿಸಿಕೊಳ್ಳುವುದಕ್ಕೆ ಮಾತ್ರವಲ್ಲ, ಇಂಥ ಪ್ರಸಂಗ ನಮಗೇ ಬಂದರೆ ಏನು ಮಾಡಬೇಕೆಂದು ತಿಳಿಯಲೂ ಅವರು ಕೇಳುತ್ತಿದ್ದರು. ಕತ್ತಲೆಯಲ್ಲಿ ಕುಳಿತಿದ್ದಾಗ ನನಗೆ ನೆನಪಾದದ್ದು ಅದೇ.

ಕೇಳುವುದು

‘ಇಷ್ಟವಾಯಿತೇ’, ‘ಹೇಗನಿಸಿತು’, ‘ಇದರಿಂದ ಸಮಾಜಕ್ಕೆ ಏನು ಸಂದೇಶ’: ಈ ಮೂರನ್ನು ಬಾಯಿಗೆ ತರಬೇಡಿ. ಮೂರನೆಯದಕ್ಕೆ ಉತ್ತರವಾಗಿ ಶಾಲೆಯ ಭಾಷಣ ಬರುತ್ತದೆ. ‘ನಿನ್ನೆ ನಾನು ನೋಡಲಿಲ್ಲ, ಏನಾಯಿತು ಹೇಳಿ’ ಎನ್ನಿ. ಅಥವಾ ತುಣುಕನ್ನು ತೋರಿಸಿ, ‘ಮನೆಗೆ ಹೋದ ಮೇಲೆ ಇದನ್ನು ಯಾರಿಗಾದರೂ ಹೇಳುವುದಾದರೆ ಹೇಗೆ ಹೇಳುತ್ತೀರಿ?’ ಎಂದು ಕೇಳಿ. ತಿರುಗಿ ಹೇಳುವಾಗ ಮನುಷ್ಯ ತನಗೆ ಬೇಕಾದ್ದನ್ನು ಮುಂದಕ್ಕೆ ತರುತ್ತಾನೆ, ಬೇಡದ್ದನ್ನು ಬಿಡುತ್ತಾನೆ, ಇಲ್ಲದ್ದನ್ನು ಸೇರಿಸುತ್ತಾನೆ. ಮೂರೂ ನಿಮ್ಮ ಸಾಮಗ್ರಿ. ಗುಂಪಿನಲ್ಲಿ ಒಮ್ಮೆ, ಒಬ್ಬೊಬ್ಬರನ್ನೇ ಒಮ್ಮೆ ಕೇಳಿ. ಅತ್ತೆಯ ಮುಂದೆ ಸೊಸೆ ನೋಡಿದ ಧಾರಾವಾಹಿಯೇ ಬೇರೆ, ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತ ಹೇಳಿದ ಧಾರಾವಾಹಿಯೇ ಬೇರೆ. ಯಾರಾದರೂ ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ನಾನು ಏಳಕ್ಕೇ ಬಾಯಿಬಿಟ್ಟು ಎಷ್ಟೋ ಕಳೆದುಕೊಂಡಿದ್ದೇನೆ.

ನನ್ನ ವರದಿಯ ತುಣುಕಿನಲ್ಲಿ ನಿರೂಪಕಿ, ಈರುಳ್ಳಿ ದರ ಏರಿ ಗ್ರಾಹಕರ ಕಣ್ಣಲ್ಲಿ ನೀರು ಬಂದಿದೆ ಎಂದು ಹೇಳುತ್ತಾಳೆ. ಹಿನ್ನೆಲೆಯಲ್ಲಿ ಶೋಕದ ಸಂಗೀತ, ತರಕಾರಿ ಅಂಗಡಿಯ ಮುಂದೆ ಬೆಂಗಳೂರಿನ ಇಬ್ಬರು ಗೃಹಿಣಿಯರು. ಓಣಿಯ ಮನೆಯವರು ತಲೆಯಾಡಿಸಿದರು, ನಿಜ, ನಿಜ ಎಂದರು. ಕೊಲ್ಹಾರದ ಕಡೆ ಎರಡೆಕರೆ ಉಳ್ಳಾಗಡ್ಡಿ ಹಾಕುವ ಕಾಕಾ ಮಾತ್ರ, ‘ಹೋದ ಸಲ ಮಾರಿದ ದುಡ್ಡು ಗಾಡಿಯ ಬಾಡಿಗೆಗೆ ಸಾಲದೆ ಚೀಲಗಳನ್ನು ಅಲ್ಲೇ ಬಿಟ್ಟು ಬಂದೆ. ಆಗ ಈ ಸಂಗೀತ ಎಲ್ಲಿತ್ತು?’ ಎಂದರು. ಹಾಲ್ ಹೇಳಿದ ಎದುರು ಓದು ಇದೇ ಎಂದು ಕುಣಿದೆ. ಖಾನಾವಳಿಯ ಅಕ್ಕ ಈ ಎರಡರ ನಡುವೆ ಎಲ್ಲೂ ನಿಲ್ಲಲಿಲ್ಲ. ದಿನಕ್ಕೆ ಅರ್ಧ ಚೀಲ ಕೊಳ್ಳುವವರು ಅವರು, ತವರಿನಲ್ಲಿ ಅಣ್ಣ ಅದನ್ನೇ ಬೆಳೆಯುತ್ತಾನೆ. ‘ಅಣ್ಣನಿಗೆ ಇಷ್ಟು ಸಿಗಬೇಕು, ನನಗೆ ಇಷ್ಟಕ್ಕೆ ಸಿಗಬಾರದು’ ಎಂದು ತಾವೇ ನಕ್ಕರು. ಆಮೇಲೆ ರೊಟ್ಟಿ ತಟ್ಟುತ್ತಲೇ, ‘ನಡುವಿನವನನ್ನು ತೋರಿಸಲೇ ಇಲ್ಲ’ ಎಂದರು. ದಲ್ಲಾಳಿ ಆ ನಾಲ್ಕು ನಿಮಿಷದಲ್ಲಿ ಎಲ್ಲೂ ಇರಲಿಲ್ಲ, ನಾನು ಹತ್ತು ಸಲ ನೋಡಿಯೂ ಗಮನಿಸಿರಲಿಲ್ಲ. ಇದನ್ನು ಮೂರರಲ್ಲಿ ಯಾವ ಡಬ್ಬಿಗೆ ಹಾಕುವುದು? ಹಾಕಬೇಡಿ. ಡಬ್ಬಿಗೆ ಹಿಡಿಯದ್ದನ್ನು ಹಾಗೆಯೇ, ಪೂರ್ತಿಯಾಗಿ, ಅವರ ಮಾತಿನಲ್ಲೇ ಬರೆಯಿರಿ.

ಬರೆದುಕೊಳ್ಳುವಾಗ ತಿದ್ದಬೇಡಿ

ರೆಕಾರ್ಡ್ ಮಾಡಿದ್ದನ್ನು ಅಕ್ಷರಕ್ಕಿಳಿಸುವುದು ಬೇಸರದ ಕೆಲಸ. ಒಂದು ಗಂಟೆಯ ಮಾತಿಗೆ ನನಗೆ ಐದಾರು ಗಂಟೆ ಹಿಡಿಯಿತು. ಆ ಬೇಸರದಲ್ಲಿ ನಾನು ಒಂದು ತಪ್ಪು ಮಾಡಿದೆ: ಪ್ರಬಂಧ ಶಿಷ್ಟವಾಗಿರಲಿ ಎಂದು ಜನ ‘ಉಳ್ಳಾಗಡ್ಡಿ’ ಎಂದ ಕಡೆಯಲ್ಲೆಲ್ಲ ‘ಈರುಳ್ಳಿ’ ಎಂದು ಬರೆದೆ. ನಲವತ್ತು ಪುಟ ಮುಗಿದ ಮೇಲೆ, ಬೇರೇನನ್ನೋ ಹುಡುಕಲು ಖಾನಾವಳಿಯ ಧ್ವನಿಯನ್ನು ಮತ್ತೆ ಕೇಳುವಾಗ ಕಿವಿ ನಿಮಿರಿತು. ಅಕ್ಕ ಎರಡೂ ಪದ ಬಳಸಿದ್ದರು. ತಮ್ಮ ವ್ಯಾಪಾರದ ಮಾತು, ಅಣ್ಣನ ಹೊಲದ ಮಾತು ಬಂದಲ್ಲೆಲ್ಲ ಉಳ್ಳಾಗಡ್ಡಿ. ಟಿವಿ ಹೇಳಿದ್ದನ್ನು ಅಣಕಿಸುವಾಗ ಮಾತ್ರ, ರಾಗ ಎಳೆದು, ‘ಈರುಳ್ಳಿ’. ತನ್ನ ವಸ್ತು ಯಾವುದು, ಟಿವಿಯವರ ವಸ್ತು ಯಾವುದು ಎಂದು ಅವರು ಒಂದೇ ಪದದಲ್ಲಿ ಗೆರೆ ಎಳೆದಿದ್ದರು. ನಾನು ಶುದ್ಧ ಮಾಡುವ ಭರದಲ್ಲಿ ಆ ಗೆರೆಯನ್ನೇ ಒರೆಸಿದ್ದೆ. ಹನ್ನೊಂದೂ ಜನರ ಧ್ವನಿಯನ್ನು ಮೊದಲಿನಿಂದ ಕೇಳಿ ತಿದ್ದಿದೆ. ಒಂಬತ್ತು ದಿನ ಹೋಯಿತು.

ಆದ್ದರಿಂದ ಬಾಯಿಂದ ಬಂದದ್ದು ಬಂದ ಹಾಗೆ ಇರಲಿ. ನಗು, ಕೆಮ್ಮು, ‘ಹೂಂ’, ಕುಕ್ಕರಿನ ಸೀಟಿ, ಎಲ್ಲವೂ. ವಿಶ್ಲೇಷಣೆಯ ಭಾಷೆ ನಿಮ್ಮದು, ಸಾಮಗ್ರಿಯ ಭಾಷೆ ಅವರದು.

ಅಂಕಿಗಳ ಬಗ್ಗೆ ಒಂದು ಮಾತು, ಯಾಕೆಂದರೆ ಮೌಖಿಕ ಪರೀಕ್ಷೆಯಲ್ಲಿ ‘ಹನ್ನೊಂದೇ ಜನವೇ?’ ಎಂದು ಕೇಳಿಯೇ ಕೇಳುತ್ತಾರೆ. ಟಿಆರ್‌ಪಿ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡು ಹೋಗಿ. 2015ರಿಂದ ಬಾರ್ಕ್ ಸಂಸ್ಥೆ ಈ ಎಣಿಕೆ ಮಾಡುತ್ತಿದೆ. ಆಯ್ದ ಮನೆಗಳಲ್ಲಿ ಮೀಟರ್ ಇಡುತ್ತಾರೆ, ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದಂತೆ ಸೇರಿಸಿದ ಗುರುತನ್ನು ಅದು ಹಿಡಿಯುತ್ತದೆ, ಕೋಣೆಯಲ್ಲಿ ಯಾರಿದ್ದೇವೆಂದು ಮನೆಯವರು ಗುಂಡಿ ಒತ್ತಿ ತಿಳಿಸುತ್ತಾರೆ. ಯಾವ ವಾಹಿನಿ ಎಷ್ಟು ಹೊತ್ತು ಹಚ್ಚಿತ್ತು ಎಂಬುದಕ್ಕೆ ಅದು ಬೇಕು. ಖಾನಾವಳಿಯ ಟಿವಿ ಬೆಳಿಗ್ಗೆಯಿಂದ ರಾತ್ರಿಯ ತನಕ ಹಚ್ಚಿರುತ್ತದೆ, ಊಟ ಮಾಡುವವರು ತಟ್ಟೆಯನ್ನೋ ಮೊಬೈಲನ್ನೋ ನೋಡುತ್ತಾರೆ. ಆ ವ್ಯತ್ಯಾಸವನ್ನು ಹೇಳಲು ಹನ್ನೊಂದು ಜನ ಸಾಕು ಎಂದೆ. ಪರೀಕ್ಷಕರು ಮತ್ತೆ ಕೇಳಲಿಲ್ಲ. ಒಪ್ಪಿದರೋ, ಊಟದ ಹೊತ್ತಾಗಿತ್ತೋ.

ಹೆಸರುಗಳನ್ನು ಬದಲಿಸಿ. ಬರೀ ಹೆಸರು ಬದಲಿಸಿದರೆ ಸಾಲದು; ‘ಮೂವರು ಹೆಣ್ಣುಮಕ್ಕಳಿರುವ, ಹೊಲಿಗೆ ಮಾಡುವ, ಬಾವಿಯ ಪಕ್ಕದ ಮನೆಯ ವಿಧವೆ’ ಎಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅತ್ತೆಯ ಬಗ್ಗೆ ಹೇಳಿದ ಎರಡು ಮಾತುಗಳನ್ನು ನಾನು ಪ್ರಬಂಧದಿಂದ ಪೂರ್ತಿ ತೆಗೆದೆ, ಚಿನ್ನದಂಥ ಮಾತುಗಳಾಗಿದ್ದವು.

ಕೊನೆಯದಾಗಿ, ಬೈಂಡಿಂಗಿಗೆ ಕೊಡುವ ಮುಂಚೆ, ಬರೆದದ್ದನ್ನು ಅವರಿಗೇ ಓದಿ ಹೇಳಿ. ನಾನು ಖಾನಾವಳಿಗೆ ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಹೋದೆ. ಅಕ್ಕ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳಿದರು. ಉಳ್ಳಾಗಡ್ಡಿಯ ವರದಿ ಅರ್ಧಕ್ಕೆ ಬಂದಾಗ ಅವರು ಎದ್ದು ಹೋಗಿ ಟಿವಿಯನ್ನು ಬಂದ್ ಮಾಡಿದ್ದರ ಬಗ್ಗೆ ನಾನು ಒಂದೂವರೆ ಪುಟ ಬರೆದಿದ್ದೆ. ವರದಿಯ ಏಕಪಕ್ಷೀಯತೆಗೆ ಅದು ಪ್ರತಿಭಟನೆ, ಮಾತಿಲ್ಲದ ಎದುರು ಓದು ಇತ್ಯಾದಿ. ಅಷ್ಟು ಹೊತ್ತು ತಲೆಯಾಡಿಸುತ್ತಿದ್ದವರು ಅಲ್ಲಿಗೆ ಬಂದಾಗ ತೊಟ್ಟು ಮುರಿಯುವುದನ್ನು ನಿಲ್ಲಿಸಿದರು.

‘ತಂಗೀ, ಆವತ್ತು ಒಳಗೆ ಹಾಲು ಉಕ್ಕುತ್ತಿತ್ತು. ಈ ಟಿವಿಯ ಗದ್ದಲದಲ್ಲಿ ಹುಡುಗಿ ಕೂಗಿದ್ದು ಕೇಳಿಸಲಿಲ್ಲ. ಅದಕ್ಕೇ ಬಂದ್ ಮಾಡಿದೆ’ ಎಂದರು.

ಒಂದೂವರೆ ಪುಟ ಅಲ್ಲೇ ಹೊಡೆದುಹಾಕಿದೆ. ಅವರು ಮಜ್ಜಿಗೆ ತಂದುಕೊಟ್ಟು, ‘ಮುಂದೆ ಓದು’ ಎಂದರು.